ಸೋತವನು ಬಿಟ್ಟು ಬರಬೇಕು

ಬಾಗಿಲು ಹಾಕಿದೆಯೇ? ಒಮ್ಮೆ ಕೈಯಿಂದ ತಳ್ಳಿ ನೋಡಿ ಬನ್ನಿ… ಹಾಕಿದೆಯಲ್ಲ. ಸರಿ, ಹಾಗಾದರೆ ಹೇಳಬಹುದು.

ಇದು ನಡೆದದ್ದು ನಮ್ಮ ದೊಡ್ಡಮ್ಮನ ಮಗನಿಗೆ. ಅವರಿವರಿಂದ ಕೇಳಿದ್ದಲ್ಲ, ಅವನಿಗೇ ಆದದ್ದು. ನಮಗೆಲ್ಲ ಅವನು ಅಣ್ಣ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು ಅವನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಾಜು ಕಸದ ಬುಟ್ಟಿಗೆ. ಹಾಗಾಗಿ ಸುಳ್ಳು ಹೇಳುವುದು ಒತ್ತಟ್ಟಿಗಿರಲಿ, ಇದ್ದದ್ದಕ್ಕೆ ಒಂದು ಮಾತು ಸೇರಿಸುವ ಅಭ್ಯಾಸವೂ ಅವನಿಗಿಲ್ಲ.

ಆ ರಾತ್ರಿ ಅಣ್ಣ ಬೀಗದ ಮಾಮನ ಜೊತೆ ನಡೆದು ಬರುತ್ತಿದ್ದ. ಬೀದಿಯಲ್ಲಿ ಬೇರೆ ನರಪಿಳ್ಳೆ ಇಲ್ಲ. ಇಬ್ಬರ ಚಪ್ಪಲಿ ಸದ್ದು, ಮಾಮನ ಸೊಂಟದಲ್ಲಿ ಕೀಲಿಗೊಂಚಲಿನ ಸದ್ದು. ಝಣ್… ಝಣ್… ಹೆಜ್ಜೆಗೊಂದು. ಊರಿನ ಬೀಗಗಳನ್ನೆಲ್ಲ ಮಾಡಿದವರು, ರಿಪೇರಿ ಮಾಡಿದವರು ಅವರೇ. ನಿಜವಾದ ಮಾಮನೇನೂ ಅಲ್ಲ, ಕ್ಲಬ್ಬಿನವರಿಗೆಲ್ಲ ಮಾಮ.

ಕ್ಲಬ್ಬು ಅಂದರೆ ಚೆಸ್ ಕ್ಲಬ್ಬು. ದೊಡ್ಡದೇನಲ್ಲ. ಸೈಕಲ್ ಅಂಗಡಿಯ ಮೇಲೊಂದು ಕೋಣೆ, ಮರದ ಮೆಟ್ಟಿಲು, ನಾಲ್ಕಾರು ಮೇಜು, ಒಂದು ಬಲ್ಬು. ಅಲ್ಲಿ ಒಂದು ಪದ್ಧತಿ ಇತ್ತು. ಕೊನೆಯ ಆಟದಲ್ಲಿ ಸೋತವನು ಗೆದ್ದವನನ್ನು ಅವನ ಮನೆ ಬಾಗಿಲವರೆಗೂ ಬಿಟ್ಟು ಬರಬೇಕು. ಸೋತ ಸಿಟ್ಟನ್ನು ಹೊತ್ತುಕೊಂಡು ನೇರ ಮನೆಗೆ ಹೋಗಿ ಹೆಂಡತಿ ಮಕ್ಕಳ ಮೇಲೆ ಹಾರಾಡುವುದು ಬೇಡ, ನಡೆಯುತ್ತಾ ತಣ್ಣಗಾಗಲಿ ಅಂತ ಯಾರೋ ಹಳಬರು ಮಾಡಿದ್ದು. ಡ್ರಾ ಆದರೆ ಯಾರೂ ಯಾರನ್ನೂ ಬಿಡಬೇಕಿಲ್ಲ. ಅವರವರ ದಾರಿ ಅವರವರಿಗೆ.

ಅಣ್ಣ ಮಾಮನ ಎದುರು ಒಂದು ಆಟವನ್ನೂ ಗೆದ್ದವನಲ್ಲ. ಬೇರೆಯವರನ್ನು ಸುಲಭವಾಗಿ ಸೋಲಿಸುವನು, ಮಾಮ ಎದುರು ಕೂತರೆ ಮಾತ್ರ ಎಲ್ಲೋ ಒಂದು ಕಡೆ ಎಡವುವನು. ಆದ್ದರಿಂದ ಮಾಮನನ್ನು ಮನೆ ಮುಟ್ಟಿಸುವುದು ಅವನಿಗೆ ಸಂಬಳವಿಲ್ಲದ ಕೆಲಸದ ಹಾಗೆ ಆಗಿಬಿಟ್ಟಿತ್ತು.

ದಾರಿಯಲ್ಲಿ ಒಂದು ಹಳೆಯ ಬಾವಿ. ಮೇಲೆ ಕಬ್ಬಿಣದ ಸರಳುಗಳ ಮುಚ್ಚಳ. ಯಾರೂ ನೀರು ಸೇದುವುದಿಲ್ಲ, ಆದರೂ ಒಳಗೆ ಎಲ್ಲಿಂದಲೋ ಹನಿ ಬೀಳುತ್ತಲೇ ಇರುತ್ತದೆ. ತೊಟ್… ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ತೊಟ್… ಬಾವಿಯ ಹತ್ತಿರ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಅಣ್ಣನ ಮನೆ. ಬಲಕ್ಕೆ ಮಾಮನ ಅಂಗಡಿ, ಹಿಂದೆಯೇ ಅವರ ಕೋಣೆ. ಅದನ್ನೂ ದಾಟಿದರೆ ಸ್ಮಶಾನದ ಗೋಡೆ.

ಆ ರಾತ್ರಿ ಮಾಮ ಬಾವಿಯ ಹತ್ತಿರ ನಿಂತರು. ಎಡಗಡೆಯ ದಾರಿಯನ್ನು ನೋಡಿ ನಕ್ಕರು.

“ನಿನ್ನ ಮನೆ ದಾರಿ ಮರ್ತೇ ಹೋಗಿದೆ ಕಣೋ. ಬೀಗ ಕೂರಿಸಿ ಬಂದ ದಿನ ಹೋಗಿದ್ದು ಅಷ್ಟೇ. ಒಂದು ಸಲ ಗೆಲ್ಲು. ಬಾಗಿಲವರೆಗೂ ಬಿಟ್ಟು ಬರ್ತೀನಿ.”

“ಬಾಗಿಲಲ್ಲೇ ಯಾಕೆ ನಿಲ್ತೀರಾ ಮಾಮ, ಒಳಗೆ ಬನ್ನಿ.”

“ಒಳಗೆ ಬರೋಕೆ ನಿನ್ನ ಕೇಳ್ಬೇಕಾ? ಬೀಗ ನಂದು.”

ಇಬ್ಬರೂ ನಕ್ಕರು. ಮಾಮ ಬಲಕ್ಕೆ ತಿರುಗಿದರು, ಅಣ್ಣ ಪದ್ಧತಿಯ ಪ್ರಕಾರ ಜೊತೆಗೆ ಹೋಗಿ ಬಿಟ್ಟುಬಂದ. ಬಾಗಿಲು ಹಾಕಿಕೊಳ್ಳುವಾಗ ಮಾಮ ನೆನಪಿಸಿದರು. ಟೂರ್ನಮೆಂಟಿನ ಕೊನೆಯ ಸುತ್ತು ಬಾಕಿ ಇದೆ, ಅದರಲ್ಲಿ ನಿನಗೆ ನಾನೇ ಎದುರು, ಬಿಳಿ ನನ್ನದು. ನೀವು ಬರ್ತೀರಲ್ಲ ಅಂತ ಅಣ್ಣ ಕೇಳಿದ. ಯಾಕೆಂದರೆ ಮಾಮ ಯಾವತ್ತೂ ತಡ. ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಆಟದ ಗಡಿಯಾರದಲ್ಲಿ ಅವರ ಮುಕ್ಕಾಲು ಗಂಟೆ ಓಡಿಹೋಗಿರುತ್ತಿತ್ತು.

“ಗಡಿಯಾರದ ಬಾವುಟ ಬೀಳೋದ್ರೊಳಗೆ ಬಂದ್ರೆ ಸಾಕಲ್ಲ,” ಅಂದರು ಮಾಮ. “ಆಟ ತಪ್ಪಿಸಿದವನಲ್ಲ ನಾನು.”

ಆ ವಾರವೇ ಮಾಮ ತೀರಿಕೊಂಡರು. ಅಂಗಡಿಯಲ್ಲಿ, ಕೆಲಸದ ಮೇಜಿನ ಮುಂದೆ, ಕೂತಲ್ಲೇ. ಎದುರಿಗೆ ವೈಸಿನ ಇಕ್ಕಳದಲ್ಲಿ ಸಿಕ್ಕಿಸಿದ ಹೊಸ ಕೀಲಿಯೊಂದು. ಹಲ್ಲುಗಳನ್ನು ಅರ್ಧದವರೆಗೆ ಉಜ್ಜಿದ್ದರು, ಇನ್ನರ್ಧ ನುಣ್ಣಗೆ ಹಾಗೇ ಇತ್ತು. ಉಜ್ಜುವ ಅರ ಕೈಯಲ್ಲೇ ಇತ್ತು. ಮೊದಲು ನೋಡಿದವನು ಅಣ್ಣನೇ. ಅಷ್ಟು ಜನ ಓಡಾಡಿ ಮಣ್ಣು ಮಾಡಿ ಬರುವವರೆಗೂ ಅವನು ಒಂದು ಮಾತೂ ಆಡಲಿಲ್ಲವಂತೆ. ಹತ್ತಿರದವರು ಹೋದಾಗ ಕೆಲವರಿಗೆ ಹಾಗಾಗುತ್ತದೆ. ಮಾತು ಇರುತ್ತದೆ, ಹೇಳಿಕೊಳ್ಳಬೇಕಾದವರೇ ಇರುವುದಿಲ್ಲ.

ಕೊನೆಯ ಸುತ್ತಿನ ಸಂಜೆ ಬಂತು.

ಕ್ಲಬ್ಬಿನ ಕಾರ್ಯದರ್ಶಿ ಒಬ್ಬ ಟೈಲರ್. ಸೂಕ್ಷ್ಮದ ಮನುಷ್ಯ. ಆಟ ನಡೆಯಲಿಲ್ಲ, ಪಾಯಿಂಟ್ ನಿನಗೇ ಅಂತ ಬರೆದುಬಿಡುತ್ತೇನೆ ಅಂತ ಅಣ್ಣನಿಗೆ ಮೆಲ್ಲಗೆ ಹೇಳಿದ. ಆ ಒಂದು ಪಾಯಿಂಟ್ ಬಂದರೆ ಆ ವರ್ಷದ ಕಪ್ ಅಣ್ಣನದು. ಬರದಿದ್ದರೆ, ಅರ್ಧವೇ ಬಂದರೂ, ಕಪ್ ಪ್ರೆಸ್ಸಿನವನದು. ಈ ಪ್ರೆಸ್ಸಿನವನು ಲಗ್ನಪತ್ರಿಕೆ, ಬಿಲ್ ಪುಸ್ತಕ ಅಚ್ಚು ಹಾಕುವವನು. ಕೆಟ್ಟವನಲ್ಲ, ನಾಲಿಗೆ ಮಾತ್ರ ಹರಿತ.

“ಏನು ಕನ್ನಡಕ,” ಅಂದ ಅವನು, ಎಲ್ಲರಿಗೂ ಕೇಳುವ ಹಾಗೆ. “ಬದುಕಿದ್ದಾಗ ಒಂದು ಸಲನೂ ಗೆಲ್ಲಲಿಲ್ಲ. ಈಗ ಸತ್ತವರ ಹತ್ರ ಪಾಯಿಂಟ್ ಇಸ್ಕೊಳ್ತೀಯೇನಯ್ಯಾ?”

ಅಣ್ಣನಿಗೆ ಅದು ನಾಟಿತು. ಬರೆದುಕೊಡುವ ಪಾಯಿಂಟ್ ನನಗೆ ಬೇಡ, ನಿಯಮದ ಪ್ರಕಾರವೇ ಆಗಲಿ ಅಂದ. ನಿಯಮ ಎಂದರೆ ಇಷ್ಟು: ಎದುರಾಳಿ ಬಾರದಿದ್ದರೆ ಮಣೆ ಜೋಡಿಸಿ, ಅವನ ಗಡಿಯಾರವನ್ನು ಓಡಿಸಿ ಒಂದು ಗಂಟೆ ಕಾಯಬೇಕು. ಗಂಟೆ ತುಂಬಿ ಬಾವುಟ ಬಿದ್ದರೆ ಕಾದವನು ಗೆದ್ದ.

ಅಣ್ಣ ಮಣೆ ಜೋಡಿಸಿದ. ಬಿಳಿ ಕಾಯಿಗಳು ಖಾಲಿ ಕುರ್ಚಿಯ ಕಡೆಗೆ, ಕಪ್ಪು ತನ್ನ ಕಡೆಗೆ. ಪಕ್ಕದಲ್ಲಿ ಗಡಿಯಾರ ಇಟ್ಟ.

“ಬೇಡ ಕಣಪ್ಪಾ,” ಅಂದ ಟೈಲರ್. ಪಿಸುಮಾತಿನಲ್ಲಿ. “ಅದು… ಕರೆದ ಹಾಗಾಗುತ್ತೆ.”

ಅಣ್ಣ ಗುಂಡಿ ಒತ್ತಿದ. ಕ್ಳಿಕ್.

ಯಾರೂ ನಗಲಿಲ್ಲ. ಆಟ ಬೇಗ ಬೇಗ ಮುಗಿಸಿ ಒಬ್ಬೊಬ್ಬರಾಗಿ ಇಳಿದು ಹೋದರು. ಪ್ರೆಸ್ಸಿನವನು ಮೆಟ್ಟಿಲ ಬಳಿಯಿಂದ ಮಣೆಯನ್ನೊಮ್ಮೆ ತಿರುಗಿ ನೋಡಿ ಹೋದ. ಟೈಲರ್ ಕೊನೆಗೆ ಹೋದವನು. ಕೋಣೆಯ ಕೀಲಿಯನ್ನು ಮೇಜಿನ ಮೇಲಿಟ್ಟು, ಮನೆಯಲ್ಲಿ ಒಬ್ಬಳೇ ಇದ್ದಾಳಲ್ಲ, ಬೇಗ ಹೋಗು ಅಂದ. ಅತ್ತಿಗೆಗೆ ಆಗ ದಿನ ತುಂಬುತ್ತಾ ಬಂದಿತ್ತು. ಮೊದಲ ಬಸಿರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಗಡಿಯಾರದ ವಿಷಯ ಹೇಳಬೇಕು. ಮರದ ಪೆಟ್ಟಿಗೆಯಲ್ಲಿ ಎರಡು ಮುಖ, ಮೇಲೆ ಎರಡು ಗುಂಡಿ. ಒಬ್ಬೊಬ್ಬರಿಗೆ ಒಂದು ಗಂಟೆ, ಅದು ಮುಗಿಯುತ್ತಾ ಬಂದಾಗ ಮುಳ್ಳು ಒಂದು ಪುಟ್ಟ ಕೆಂಪು ಬಾವುಟವನ್ನು ಎತ್ತುತ್ತದೆ, ಗಂಟೆ ತುಂಬಿದೊಡನೆ ಬಾವುಟ ಬೀಳುತ್ತದೆ. ನಡೆ ಮುಗಿಸಿ ನೀವು ನಿಮ್ಮ ಗುಂಡಿ ಒತ್ತಿದರೆ ನಿಮ್ಮದು ನಿಲ್ಲುತ್ತದೆ, ಎದುರಿನವರದು ಓಡುತ್ತದೆ. ಮಾಮನ ಕಡೆಯದು ಸರಿಯಾಗಿ ಓಡುತ್ತಿತ್ತು. ಟಿಕ್ ಟಿಕ್ ಟಿಕ್. ಅಣ್ಣನ ಕಡೆಯದು ಕುಂಟು. ಟಿಕ್… ಟಕ್. ಟಿಕ್… ಟಕ್. ಕಣ್ಣು ಮುಚ್ಚಿಕೊಂಡೇ ಯಾರ ಸಮಯ ಓಡುತ್ತಿದೆ ಅಂತ ಹೇಳಬಹುದಿತ್ತು.

ಟಿಕ್ ಟಿಕ್ ಟಿಕ್.

ಅಣ್ಣ ಖಾಲಿ ಕುರ್ಚಿಯನ್ನು ನೋಡುತ್ತಾ ಕೂತ. ಎಷ್ಟೋ ವರ್ಷ ಆ ಕುರ್ಚಿಯಲ್ಲಿ ಮಾಮ ಕೂತದ್ದು, ಕಾಯಿಯನ್ನು ಟಕ್ ಎಂದು ಇಡುತ್ತಿದ್ದದ್ದು, ಇಟ್ಟಮೇಲೆ ಸುಮ್ಮನಿರದೆ ಬೆರಳಿನಲ್ಲಿ ಅರ್ಧ ಸುತ್ತು ತಿರುಗಿಸುತ್ತಿದ್ದದ್ದು. ಬೀಗದಲ್ಲಿ ಕೀಲಿ ತಿರುಗಿಸಿದ ಹಾಗೆ. ಟಕ್… ಕಿರ್ರ್. ಅದು ಅವರ ಕೈಯ ಅಭ್ಯಾಸ. ಮಣೆಯ ಬಣ್ಣವೇ ಆ ಜಾಗದಲ್ಲಿ ಸವೆದಿತ್ತು. ಇನ್ನು ಆ ಸದ್ದು ಕೇಳುವುದಿಲ್ಲವಲ್ಲ ಅಂತ ಅನ್ನಿಸಿ ಅಣ್ಣನಿಗೆ ಕುರ್ಚಿಯನ್ನು ನೋಡಲಾಗಲಿಲ್ಲ. ಎದ್ದು ಕಿಟಕಿಯ ಬಳಿ ಹೋದ. ಬೀದಿ ಖಾಲಿ. ಸೈಕಲ್ ಅಂಗಡಿಯ ಮುಂದೆ ಒಂದು ನಾಯಿ ಮಲಗಿತ್ತು. ಗಂಟೆ ತುಂಬುತ್ತಾ ಬಂದಿತ್ತು. ದೊಡ್ಡ ಮುಳ್ಳು ಆ ಪುಟ್ಟ ಕೆಂಪು ಬಾವುಟವನ್ನು ಎತ್ತಿ ಹಿಡಿದಿದ್ದನ್ನು ಅವನು ಈಗಷ್ಟೇ ನೋಡಿ ಬಂದಿದ್ದ.

ನಾಯಿ ಎದ್ದಿತು. ಮೆಟ್ಟಿಲ ಕಡೆ ನೋಡಿತು. ಬೊಗಳಲಿಲ್ಲ. ಬಾಲ ಮುದುರಿಕೊಂಡು ಬೀದಿಯ ಆ ಬದಿಗೆ ಹೋಗಿ ನಿಂತಿತು.

ಆಮೇಲೆ ಅಣ್ಣನ ಬೆನ್ನ ಹಿಂದೆ…

ಟಕ್.

ಕಿರ್ರ್.

ಕ್ಳಿಕ್.

ಟಿಕ್… ಟಕ್. ಟಿಕ್… ಟಕ್.

ಕುಂಟು ಗಡಿಯಾರ ಓಡುತ್ತಿತ್ತು. ಅಣ್ಣನ ಸಮಯ.

ಅವನು ತಿರುಗಿದ. ಕುರ್ಚಿ ಖಾಲಿ. ಮಣೆಯ ಮೇಲೆ ಬಿಳಿ ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ ಬಂದು ನಿಂತಿತ್ತು.

ಓಡಿಹೋಗಬಹುದಿತ್ತಲ್ಲ ಅಂತ ನಾನೂ ಕೇಳಿದ್ದೇನೆ. ಓಡಲೇ ಹೋದನಂತೆ. ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟಿದ್ದಾನೆ, ಆಗ ಹೊಳೆಯಿತು. ನಾನು ಎದ್ದು ಹೋದರೆ ನನ್ನ ಗಡಿಯಾರ ಓಡಿ ಮುಗಿಯುತ್ತದೆ. ಬಾವುಟ ಬೀಳುತ್ತದೆ. ಸೋತ ಹಾಗೆ. ಸೋತವನು ಗೆದ್ದವರನ್ನು ಮನೆಯವರೆಗೆ ಬಿಟ್ಟು ಬರಬೇಕು. ಮಾಮನ ಮನೆ ಈಗ ಯಾವುದು? ಅಂಗಡಿಯ ಹಿಂದಿನ ಕೋಣೆಯಂತೂ ಅಲ್ಲ. ಅಲ್ಲಿಯವರೆಗೆ ಹೋದವನು ತಿರುಗಿ ಬರುತ್ತಾನೆ ಅಂತ ಯಾವ ನಿಯಮದಲ್ಲಿದೆ?

ಅಣ್ಣ ವಾಪಸು ಬಂದು ಕೂತ. ತನ್ನ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದ. ಗುಂಡಿ ಒತ್ತಿದ. ಮಣೆಯನ್ನೇ ದಿಟ್ಟಿಸಿ ನೋಡಿದ. ಏನೂ ಆಗಲಿಲ್ಲ. ಟಿಕ್ ಟಿಕ್ ಟಿಕ್ ಅನ್ನುತ್ತಲೇ ಇತ್ತು. ನೋಡುತ್ತಿರುವವರೆಗೂ ಏನೂ ಆಗುವುದಿಲ್ಲ ಅಂತ ಅವನಿಗೆ ಅರ್ಥವಾಯಿತು. ಅವನು ಬೇರೆ ಕಡೆ ತಿರುಗಲೇಬೇಕಿತ್ತು. ಕಿಟಕಿಯ ಕಡೆ ಮುಖ ಮಾಡಿದ. ಬೆನ್ನಿಗೆ ತಣ್ಣನೆಯ ಗಾಳಿ ತಾಗಿತು.

ಟಕ್. ಕಿರ್ರ್. ಕ್ಳಿಕ್.

ರಾಜನ ಒಂಟೆಯ ಮುಂದಿನ ಕಾಲಾಳು. ಎರಡು ಮನೆ ಮುಂದೆ. ಬಾ, ತಗೋ ಎನ್ನುವ ಹಾಗೆ.

ಮಾಮನ ಓಪನಿಂಗು ಅದೊಂದೇ. ಕಿಂಗ್ಸ್ ಗ್ಯಾಂಬಿಟ್. ಎರಡನೇ ನಡೆಯಲ್ಲೇ ಒಂದು ಕಾಲಾಳನ್ನು ಪುಕ್ಕಟೆ ಕೊಡುವುದು. ಈಗಿನವರು ಯಾರೂ ಆಡುವುದಿಲ್ಲ, ಇದು ತೀರಾ ಹಳೇದು ಅಂತ ಪ್ರೆಸ್ಸಿನವನು ಎಷ್ಟು ಸಲ ಹಂಗಿಸಿದರೂ ಮಾಮ ಬಿಟ್ಟವರಲ್ಲ. ಕೊಟ್ಟದ್ದನ್ನು ತೆಗೆದುಕೊಂಡವನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಆಮೇಲೆ ಒಳಗೆ ಹೋಗುವುದೇನು ಕಷ್ಟ ಅನ್ನುವರು. ಅಣ್ಣ ಆ ಕಾಲಾಳನ್ನು ಒಂದು ಸಲವೂ ತೆಗೆದುಕೊಂಡಿರಲಿಲ್ಲ. ಅದನ್ನು ಮುಟ್ಟದೆ ತನ್ನ ಒಂಟೆಯನ್ನು ಓರೆಯಾಗಿ ಎಳೆದು ದೂರದಲ್ಲಿ ಕೂರಿಸುತ್ತಿದ್ದ. ಅಲ್ಲಿಂದ ಅದು ಮಾಮನ ರಾಜ ಕೋಟೆ ಸೇರುವ ದಾರಿಯನ್ನು ಕಾಯುತ್ತಿತ್ತು.

ಆ ರಾತ್ರಿ ಆ ಬಿಳಿ ಕಾಲಾಳನ್ನು ನೋಡಿ ಅಣ್ಣ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಅವರು ಕೊಡುವ ಯಾವುದನ್ನೂ ಈಗ ಮುಟ್ಟಬಾರದು. ಒಂಟೆಯನ್ನೇ ಎಳೆದ.

ಹಾಗೇ ಆಟ ನಡೆಯಿತು. ಅಣ್ಣ ಆಡುವನು, ಗುಂಡಿ ಒತ್ತುವನು, ಕಿಟಕಿಯ ಕಡೆ ತಿರುಗುವನು. ಹಿಂದಿನಿಂದ ಆ ಮೂರು ಸದ್ದು. ಬದುಕಿದ್ದಾಗ ಯೋಚಿಸಿ ಯೋಚಿಸಿ ಆಡುತ್ತಿದ್ದ ಮಾಮ ಈಗ ತಡ ಮಾಡುತ್ತಿರಲಿಲ್ಲ. ಅಣ್ಣ ಪೂರ್ತಿ ತಿರುಗುವುದರೊಳಗೆ, ಟಕ್, ಕಿರ್ರ್. ಕುದುರೆಗಳು ಎರಡೂ ಕಡೆಯಿಂದ ಬಂದವು. ಅಣ್ಣನದೊಂದು ಆನೆ ಹೋಯಿತು, ಅವರದೊಂದು ಕೈಗೆ ಬಂತು. ಆಡುತ್ತಾ ಆಡುತ್ತಾ ಒಂದು ವಿಚಿತ್ರವಾಯಿತು. ಅಣ್ಣನಿಗೆ ಹೆದರಿಕೆ ಮರೆತುಹೋಯಿತು. ಆಟದ ಹುಚ್ಚು ಇದ್ದವರಿಗೆ ಇದು ಗೊತ್ತಿರುತ್ತದೆ. ಎದುರಿಗೆ ಯಾರು ಕೂತಿದ್ದಾರೆ ಅನ್ನುವುದಲ್ಲ, ಮಣೆಯ ಮೇಲೆ ಏನಿದೆ ಅನ್ನುವುದಷ್ಟೇ ಕಾಣುತ್ತದೆ.

ಮಣೆಯ ಮೇಲೆ ಅವನ ಗೆಲುವು ಇತ್ತು.

ಮಾಮನ ರಾಜನಿಗೆ ಕೋಟೆ ಸೇರಲು ಆಗಿರಲಿಲ್ಲ. ಒಂಟಿಯಾಗಿ ಅಂಚಿಗೆ ಬಂದು ನಿಂತಿತ್ತು. ಅಣ್ಣನ ಮಂತ್ರಿ ಕೆಳಗಿನ ಸಾಲಿಗೆ ಇಳಿದರೆ ಆಯಿತು, ಆ ರಾಜನಿಗೆ ಹೋಗಲು ಮನೆಯೇ ಇಲ್ಲ. ಇಷ್ಟು ವರ್ಷಗಳಲ್ಲಿ ಮೊದಲನೇ ಸಲ. ಅಣ್ಣ ಸರಿಯಾಗಿ ನೋಡಿದ, ಮತ್ತೆ ನೋಡಿದ. ತಪ್ಪಿಲ್ಲ. ಆ ವರ್ಷದ ಕಪ್ ಇತ್ತು, ಪ್ರೆಸ್ಸಿನವನ ಬಾಯಿ ಮುಚ್ಚಿಸುವುದೂ ಇತ್ತು, ಅದೆಲ್ಲಕ್ಕಿಂತ ಹೆಚ್ಚಾಗಿ ಮಾಮನಿಗೆ ತೋರಿಸುವುದಿತ್ತು, ನೋಡಿ ಮಾಮ, ಕಲಿತೆ ಅಂತ. ಕೈ ಚಾಚಿ ಮಂತ್ರಿಯನ್ನು ಹಿಡಿದ.

ಆಗ ಮೇಜಿನ ಆ ಬದಿಯಿಂದ ಒಂದು ಸದ್ದು ಬಂತು.

ಝಣ್.

ಕೀಲಿಗೊಂಚಲನ್ನು ಮರದ ಮೇಲೆ ಇಟ್ಟ ಸದ್ದು.

ಅಣ್ಣನಿಗೆ ಆ ಸದ್ದು ಚೆನ್ನಾಗಿ ಗೊತ್ತಿತ್ತು. ಬೇರೆ ಯಾರ ಎದುರಾದರೂ ಸೋಲುತ್ತೇನೆ ಅಂತ ಕಂಡಾಗ ಮಾಮ ಹೀಗೇ ಮಾಡುತ್ತಿದ್ದರು. ಸೊಂಟದಿಂದ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟು, ಆಯ್ತಪ್ಪ, ಮುಗಿಸು, ಬಿಟ್ಟು ಬರ್ತೀನಿ ನಡಿ ಅನ್ನುವರು.

ಬಿಟ್ಟು ಬರ್ತೀನಿ.

ಅಣ್ಣ ಮಂತ್ರಿಯನ್ನು ಎತ್ತದೆ ಹಿಡಿದುಕೊಂಡೇ ಇದ್ದ. ಬಾವಿಯ ಹತ್ತಿರ ಆಡಿದ ಮಾತೆಲ್ಲ ಕಿವಿಯಲ್ಲಿ ಬಂತು. ಒಂದು ಸಲ ಗೆಲ್ಲು. ಬಾಗಿಲವರೆಗೂ ಬಿಟ್ಟು ಬರ್ತೀನಿ. ಒಳಗೆ ಬನ್ನಿ ಅಂತ ಇವನೇ ಕರೆದಿದ್ದ. ಆ ಬಾಗಿಲಿನ ಹಿಂದೆ ಅತ್ತಿಗೆ ಒಬ್ಬಳೇ ಮಲಗಿದ್ದಳು, ತುಂಬು ಹೊಟ್ಟೆ ಹಿಡಿದುಕೊಂಡು. ಬಾಗಿಲಿನ ಬೀಗ ಮಾಮನದು.

ಸೋತರೆ ಅವರ ಜೊತೆ ಇವನು ಹೋಗಬೇಕು. ಗೆದ್ದರೆ ಇವನ ಜೊತೆ ಅವರು ಬರುತ್ತಾರೆ.

ಟಿಕ್… ಟಕ್. ಟಿಕ್… ಟಕ್. ಅವನ ಕಡೆಯ ಕೆಂಪು ಬಾವುಟವೂ ಮೇಲಕ್ಕೆ ಏಳುತ್ತಿತ್ತು.

ಉಳಿದದ್ದು ಡ್ರಾ ಒಂದೇ. ಆದರೆ ಮಾಮ ಯಾರಿಗೂ ಯಾವತ್ತೂ ಡ್ರಾ ಕೊಟ್ಟವರಲ್ಲ. ಯಾರಾದರೂ ಡ್ರಾ ಮಾಡೋಣವೇ ಅಂತ ಕೈ ಚಾಚಿದರೆ ಅದನ್ನು ನೋಡುವುದೂ ಇಲ್ಲ. ಬೀಗ ಅಂದ್ರೆ ಹಾಕಿರಬೇಕು, ಇಲ್ಲಾ ತೆಗೆದಿರಬೇಕು, ಅರ್ಧ ಅನ್ನೋದು ಎಲ್ಲಾದ್ರೂ ಉಂಟಾ ಅನ್ನುವರು.

ಮಂತ್ರಿಯನ್ನು ಬಿಟ್ಟು ಬೇರೆ ಕಾಯಿ ಆಡುವ ಹಾಗೂ ಇರಲಿಲ್ಲ. ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಅಣ್ಣ ಕಣ್ಣಗಲಿಸಿ ಮಣೆ ನೋಡಿದ. ಕೆಳಗಿನ ಸಾಲು ಬೇಡ. ಪಕ್ಕದಿಂದ ಚೆಕ್ ಕೊಟ್ಟರೆ? ರಾಜನಿಗೆ ಒಂದೇ ಮನೆ. ಅಲ್ಲಿಗೆ ಹೋದಾಗ ಮೇಲಿನಿಂದ ಇನ್ನೊಂದು ಚೆಕ್. ರಾಜ ಹಿಂದಿನ ಮನೆಗೇ ಬರಬೇಕು. ಮತ್ತೆ ಪಕ್ಕದಿಂದ ಚೆಕ್. ಅದೇ ಸ್ಥಿತಿ ಮೂರು ಸಲ ಬಂದರೆ ಡ್ರಾ. ಅದಕ್ಕೆ ಎದುರಿನವರ ಒಪ್ಪಿಗೆ ಬೇಕಾಗಿಲ್ಲ.

ಮಂತ್ರಿಯನ್ನು ಪಕ್ಕಕ್ಕೆ ಸರಿಸಿದ. “ಚೆಕ್,” ಅಂದ. ಕಿಟಕಿಯ ಕಡೆ ತಿರುಗಿದ.

ಈ ಸಲ ಸದ್ದು ಬರಲಿಲ್ಲ.

ಟಿಕ್ ಟಿಕ್ ಟಿಕ್. ಮಾಮ ಯೋಚಿಸುತ್ತಿದ್ದರು. ಬೀದಿಯ ಆ ಬದಿಯಲ್ಲಿ ನಾಯಿ ಇನ್ನೂ ನಿಂತೇ ಇತ್ತು, ಇದೇ ಕಿಟಕಿಯನ್ನು ನೋಡುತ್ತಾ. ಅಣ್ಣನಿಗಿಂತ ಸ್ವಲ್ಪ ಪಕ್ಕಕ್ಕೆ ನೋಡುತ್ತಿತ್ತಂತೆ. ಅವನ ಭುಜದ ಹಿಂದೆ ಇರುವುದನ್ನು ನೋಡುವ ಹಾಗೆ.

ಟಕ್… ಕಿರ್ರ್… ಕ್ಳಿಕ್. ನಿಧಾನವಾಗಿ.

ರಾಜ ಆ ಒಂದೇ ಮನೆಗೆ ಹೋಗಿತ್ತು. ಅಣ್ಣ ಮೇಲಿನಿಂದ ಚೆಕ್ ಕೊಟ್ಟ. ರಾಜ ಹಿಂದಕ್ಕೆ ಬಂತು. ಪ್ರತಿ ಸುತ್ತಿನಲ್ಲೂ ಆ ಕೆಳಗಿನ ಸಾಲು ತೆರೆದೇ ಇತ್ತು. ಇಳಿದರೆ ಗೆಲುವು. ಕೈ ತಾನಾಗಿ ಆ ಕಡೆ ಹೋಗುತ್ತಿತ್ತು, ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡು ಆಡಿದೆ ಅಂತ ಅಣ್ಣ ಹೇಳಿದ್ದಾನೆ. ಮತ್ತೆ ಚೆಕ್. ಮತ್ತೆ ರಾಜ ಆಚೆ. ಮತ್ತೆ ಈಚೆ. ಬಲ್ಬಿನ ಬೆಳಕು ಒಮ್ಮೆ ಕುಗ್ಗಿ ಮತ್ತೆ ಬಂತು. ಮೇಜಿನ ಆ ಬದಿಯಲ್ಲಿ ಕೀಲಿಗಳು ಸಣ್ಣಗೆ ಅಲುಗಿದವು, ಯಾರೋ ಬೇಸರದಿಂದ ಬೆರಳಾಡಿಸಿದ ಹಾಗೆ.

ಮೂರನೇ ಸಲ ಅದೇ ಸ್ಥಿತಿ ಬಂದಾಗ ಅಣ್ಣ ಎರಡು ಗುಂಡಿಗಳನ್ನೂ ನಡುವಿಗೆ ತಂದು ಗಡಿಯಾರ ನಿಲ್ಲಿಸಿದ. ಎರಡೂ ನಿಂತವು. ಕೋಣೆಯಲ್ಲಿ ಎಷ್ಟು ನಿಶ್ಶಬ್ದವಾಯಿತೆಂದರೆ, ಮೇಜಿನ ಆ ಬದಿಯಲ್ಲಿ ಯಾರೂ ಉಸಿರಾಡುತ್ತಿಲ್ಲ ಎನ್ನುವುದೂ ಕೇಳಿಸಿತು.

“ಮೂರು ಸಲ ಆಯ್ತು ಮಾಮ,” ಅಂದ. ಕಿಟಕಿಯ ಕಡೆಗೇ ಮುಖ. “ಡ್ರಾ. ನಿಯಮ ನೀವೇ ಹೇಳ್ಕೊಟ್ಟಿದ್ದು.”

ಆಮೇಲೆ ಕಿವಿಯ ಹತ್ತಿರ. ತೀರಾ ಹತ್ತಿರ. ಅರ ಉಜ್ಜಿದಂಥ ದನಿ.

“ಅರ್ಧವಾ?”

“ಅರ್ಧ, ಮಾಮ.”

ಝಣ್… ಗೊಂಚಲು ಮೇಜಿನಿಂದ ಎದ್ದಿತು. ಮೆಟ್ಟಿಲುಗಳು ಒಂದೊಂದಾಗಿ ಕಿರುಗುಟ್ಟಿದವು. ಮೇಲಿನಿಂದ ಕೆಳಗಿನವರೆಗೆ.

ಅಣ್ಣ ಬಲ್ಬು ಆರಿಸಿ, ಬೀಗ ಹಾಕಿ ಇಳಿದ. ಮನೆಗೆ ಬೇರೆ ದಾರಿ ಇಲ್ಲ. ನಡೆಯತೊಡಗಿದಾಗ ಬೀದಿಯ ಆ ಅಂಚಿನಲ್ಲಿ, ಇವನಿಗಿಂತ ಸ್ವಲ್ಪ ಮುಂದೆ, ಝಣ್… ಝಣ್… ಹೆಜ್ಜೆಗೊಂದು. ಜೊತೆಗಲ್ಲ. ಡ್ರಾ ಆದರೆ ಯಾರೂ ಯಾರ ಜೊತೆಗೂ ಇಲ್ಲ. ದಾರಿ ಒಂದೇ ಇತ್ತು, ಅಷ್ಟೇ. ಬಾವಿಯ ಹತ್ತಿರ ಆ ಸದ್ದು ನಿಂತಿತು. ಅಣ್ಣ ತಲೆ ಎತ್ತಲಿಲ್ಲ. ಬಾವಿಯೊಳಗೆ ತೊಟ್ ಎಂದಿತು. ಅವನು ಎಡಕ್ಕೆ ತಿರುಗಿದ. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಮತ್ತೆ ಝಣ್ ಎಂದಿತು. ಯಾವ ದಾರಿಯಲ್ಲಿ ಅಂತ ಅವನಿಗೆ ಈಗಲೂ ಹೇಳಲಾಗುವುದಿಲ್ಲ.

ಮನೆ ಸೇರಿ, ಒಳಗಿನಿಂದ ಬೀಗಕ್ಕೆ ಎರಡು ಸುತ್ತು ಹಾಕಿದ. ಖಟ್… ಖಟ್. ಕೀಲಿಯನ್ನು ಮೊಳೆಗೆ ನೇತುಹಾಕಿದ. ಅತ್ತಿಗೆ ಎಚ್ಚರವಾಗಿಯೇ ಇದ್ದಳು.

“ಗೆದ್ರಾ?”

“ಡ್ರಾ.”

“ಮತ್ತೆ ಯಾರೋ ಜೊತೆಗೆ ಬಂದ ಹಾಗಿತ್ತು. ಕೀಲಿ ಸದ್ದು ಕೇಳಿಸ್ತು.”

ಅಣ್ಣ ಜೇಬಿನಿಂದ ಕ್ಲಬ್ಬಿನ ಕೀಲಿ ತೆಗೆದು ತೋರಿಸಿದ. ಅತ್ತಿಗೆ ನೋಡಿದಳು. ಒಂಟಿ ಕೀಲಿ ಸದ್ದು ಮಾಡುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ದೀಪ ಆರಿಸದೆ ಮಲಗಿದರು.

ಮಾರನೆಯ ದಿನ ಟೈಲರ್‌ಗೆ ಕೀಲಿ ಕೊಟ್ಟು, ಡ್ರಾ ಅಂತ ಬರಿ ಅಂದ. ಟೈಲರ್ ಅವನ ಮುಖವನ್ನೊಮ್ಮೆ, ಮಣೆಯನ್ನೊಮ್ಮೆ ನೋಡಿ ಬರೆದ. ಕಪ್ ಪ್ರೆಸ್ಸಿನವನಿಗೆ ಹೋಯಿತು. ಅವನು ಅದನ್ನು ಮನೆಗೆ ಒಯ್ಯಲಿಲ್ಲ, ಕ್ಲಬ್ಬಿನಲ್ಲೇ ಇಟ್ಟಿದ್ದಾನೆ. ಅತ್ತಿಗೆಗೆ ಸುಖವಾಗಿ ಹೆರಿಗೆಯಾಯಿತು. ಹೆಣ್ಣು ಮಗು. ಚೂಟಿ. ನನ್ನ ತೊಡೆಯ ಮೇಲೆ ಕೂತು ಕುದುರೆ ಯಾವುದು ಒಂಟೆ ಯಾವುದು ಅಂತ ಹೇಳುತ್ತಾಳೆ.

ಇಷ್ಟೇ ಆಗಿದ್ದರೆ ಅಣ್ಣ ಕನಸು ಕಂಡ ಅಂತ ನಾನೂ ಅನ್ನುತ್ತಿದ್ದೆ.

ಆದರೆ ಆ ಬೆಳಿಗ್ಗೆ ಅವನು ಮುಂಬಾಗಿಲು ತೆಗೆಯಲು ಹೋದಾಗ, ಮೊಳೆಯಲ್ಲಿದ್ದ ಕೀಲಿ ಬೀಗದೊಳಗೆ ಹೋಗಲಿಲ್ಲ. ಹಿತ್ತಲಿನಿಂದ ಸುತ್ತಿ ಬಂದು ನೋಡಿದ. ಹೊರಗಿನಿಂದ ಬೀಗದಲ್ಲಿ ಬೇರೆ ಕೀಲಿಯೊಂದು ಸಿಕ್ಕಿಕೊಂಡಿತ್ತು, ಅರ್ಧ ತಿರುಗಿದ ಹಾಗೆ ನಿಂತಿತ್ತು. ಎರಡು ಸುತ್ತು ಹಾಕಿದ್ದ ಬೀಗದ ನಾಲಿಗೆ ಅರ್ಧ ಒಳಗೆ, ಅರ್ಧ ಹೊರಗೆ. ಬೇರೆ ಊರಿನಿಂದ ಬೀಗದವನನ್ನು ಕರೆಸಿದರು. ಈ ಬೀಗದಲ್ಲಿ ಸ್ಪ್ರಿಂಗ್ ಇದೆ, ನಾಲಿಗೆ ಹಾಗೆ ನಡುವೆ ನಿಲ್ಲುವುದಕ್ಕೆ ಸಾಧ್ಯವೇ ಇಲ್ಲ ಅಂತ ಅವನು ಹೇಳಿದ. ಸಾಧ್ಯವಿಲ್ಲ ಅಂತ ಹೇಳುತ್ತಾ ಮಧ್ಯಾಹ್ನದವರೆಗೂ ತಿಣುಕಿ, ದುಡ್ಡು ಬೇಡ ಅಂತ ಹೋಗಿಬಿಟ್ಟ. ಈಗ ಅವರು ಮೇಲೊಂದು ಚಿಲಕ ಹಾಕಿಸಿಕೊಂಡಿದ್ದಾರೆ.

ಆ ಕೀಲಿಯನ್ನು ನಾನೇ ಹಿಡಿದು ನೋಡಿದ್ದೇನೆ. ಅತ್ತ ತಿರುಗುವುದಿಲ್ಲ, ಇತ್ತ ತಿರುಗುವುದಿಲ್ಲ, ಹೊರಗೂ ಬರುವುದಿಲ್ಲ. ಸುಳ್ಳು ಅನ್ನಿಸಿದರೆ ನೀವೂ ಬಂದು ನೋಡಿ, ಹಗಲಿನಲ್ಲಿ ಬನ್ನಿ. ಹೊಸ ಕೀಲಿ. ಕಣ್ಣಿಗೆ ಕಾಣುವಷ್ಟು ಭಾಗದಲ್ಲಿ ಹಲ್ಲಿಲ್ಲ, ಅಲ್ಲಿ ಇನ್ನೂ ಅರ ತಾಗಿಲ್ಲ.